ಜೋಲು ಟೋಪಿ ಜೋಲಬೇಕು, ಜಾರಬಾರದು

ನಾನು ಹೆಣೆದ ಮೊದಲ ಜೋಲು ಟೋಪಿ ಕುಲಾವಿ ಆಗಿಹೋಯಿತು.

ತಮ್ಮನ ಮಗಳು ಓದಲು ಜರ್ಮನಿಗೆ ಹೊರಟಿದ್ದಳು. "ಅತ್ತೆ, ಹಿಂದುಗಡೆ ಚೀಲದ ಥರ ಜೋತುಬಿದ್ದಿರುತ್ತಲ್ಲ, ಅಂಥದ್ದು ಹೆಣೆದುಕೊಡು" ಅಂತ ಫೋನಿನಲ್ಲಿ ಫೋಟೋ ತೋರಿಸಿದಳು. ಅದರ ಹೆಸರು ಸ್ಲೌಚಿ ಹ್ಯಾಟ್. ನಮ್ಮನೆಯಲ್ಲಿ ಅದು ಜೋಲು ಟೋಪಿ ಆಯಿತು. ಅಮೆರಿಕದ ಪ್ಯಾಟರ್ನ್ ಒಂದು ಸಿಕ್ಕಿತು. 8ನೇ ನಂಬರ್ ಕಡ್ಡಿ, 88 ಕುಣಿಕೆ ಎಂದಿತ್ತು. ಅಮ್ಮನ ಬಿಸ್ಕತ್ ಡಬ್ಬಿಯಲ್ಲಿ 8ನೇ ನಂಬರ್ ಕಡ್ಡಿ ಸಿದ್ಧವಾಗಿತ್ತು. ನಾಲ್ಕು ಸಂಜೆ ಕೂತು ಮುಗಿಸಿದೆ. ಹುಡುಗಿಯ ತಲೆಗೆ ಹಾಕಿದರೆ ಕಿವಿಯ ಮೇಲಕ್ಕೇ ನಿಂತುಬಿಟ್ಟಿತು. ಕೊನೆಗೆ ಅದು ಎದುರುಮನೆ ಕೂಸಿಗೆ ಹೋಯಿತು. ಕೂಸಿಗೆ ಮಾತ್ರ ಭರ್ಜರಿಯಾಗಿ ಒಪ್ಪಿತು.

ಕೈ ಕೆಟ್ಟಿರಲಿಲ್ಲ, ನಂಬರ್ ಕೈಕೊಟ್ಟಿತ್ತು. ನಮ್ಮ ಕಡೆ ಕಡ್ಡಿಗೆ ಹಳೇ ಬ್ರಿಟಿಷ್ ನಂಬರ್ ನಡೆಯುತ್ತದೆ. ನಂಬರ್ ಏರಿದ ಹಾಗೆ ಕಡ್ಡಿ ಸಣ್ಣಗಾಗುತ್ತದೆ. ಅಮೆರಿಕದವರದು ತದ್ವಿರುದ್ಧ. ನಮ್ಮ 8 ಅಂದರೆ 4 ಮಿಲಿಮೀಟರ್, ಅವರ 8 ಅಂದರೆ 5. ನಮ್ಮ 6 ಅಂದರೆ 5 ಮಿಲಿಮೀಟರ್, ಅವರ 6 ಅಂದರೆ 4. ಎರಡೂ ಕಡೆ ಒಂದೇ ಆಗಿರುವುದು 7 ಮಾತ್ರ, 4.5 ಮಿಲಿಮೀಟರ್. ಆ ಪ್ಯಾಟರ್ನ್‌ನ ಲೆಕ್ಕದಲ್ಲಿ 10 ಸೆಂಟಿಮೀಟರ್‌ಗೆ 18 ಕುಣಿಕೆ ಬರಬೇಕಿತ್ತು. ಹಾಗೆ ಬಂದಿದ್ದರೆ 88 ಕುಣಿಕೆಗೆ 49 ಸೆಂಟಿಮೀಟರ್ ಸುತ್ತಳತೆ. ನನ್ನ ಸಣ್ಣ ಕಡ್ಡಿಗೆ 22 ಬಂದಿತ್ತು. 88ನ್ನು 2.2ರಿಂದ ಭಾಗಿಸಿ, ಬರುವುದು 40. ಕೂಸಿನ ತಲೆ!

ಆಮೇಲಿಂದ ನಾನು ನಂಬರ್ ನೋಡುವುದನ್ನೇ ಬಿಟ್ಟೆ. ಮಿಲಿಮೀಟರ್ ನೋಡುತ್ತೇನೆ. ಇಲ್ಲಿ ಬರೆಯುವಾಗ ನಮ್ಮ ನಂಬರನ್ನೂ ಜೊತೆಗೆ ಹೇಳುತ್ತೇನೆ, ಯಾಕೆಂದರೆ ಚಿಕ್ಕಪೇಟೆಯ ಅಂಗಡಿಯಲ್ಲಿ "4.5 ಮಿಲಿಮೀಟರ್ ಕೊಡಿ" ಎಂದರೆ ಒಂದು ಕ್ಷಣ ಮುಖ ನೋಡುತ್ತಾರೆ. "7ನೇ ನಂಬರ್" ಎಂದರೆ ತಕ್ಷಣ ಕೈಗೆ ಬರುತ್ತದೆ.

ಬಾರ್ಡರ್ ತಲೆಯದು, ಚೀಲ ಕೂದಲಿನದು

ಬೆಂಗಳೂರಿನಲ್ಲಿ ಉಲ್ಲನ್ ಟೋಪಿ ಯಾಕಪ್ಪಾ ಅಂತ ಕೇಳುವವರಿದ್ದಾರೆ. 1884ರ ಜನವರಿಯಲ್ಲಿ ಈ ಊರಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಈಗ ಅಷ್ಟೆಲ್ಲ ಇಲ್ಲ, ನಿಜ. ಆದರೂ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದ ಹಾಗೆ ಬೆಳಗಿನ ಜಾವ ಕಿವಿ ತಣ್ಣಗಾಗುತ್ತದೆ. ಲಾಲ್‌ಬಾಗಿಗೆ ವಾಕಿಂಗ್ ಹೋಗುವವರ ಮಂಕಿ ಕ್ಯಾಪ್‌ಗಳು ಬೀರುವಿನಿಂದ ಹೊರಬರುತ್ತವೆ. ಪರಿಷೆಯಿಂದ ಶಿವರಾತ್ರಿವರೆಗೆ, ಅಂದರೆ ಚಳಿ ಶಿವ ಶಿವಾ ಅಂತ ಓಡಿಹೋಗುವವರೆಗೆ, ನನ್ನ ಕೈಗೆ ಕೆಲಸ.

ನಮ್ಮನೆಯಲ್ಲಿ ಮೂರು ಥರದ ತಲೆಗಳಿವೆ. ಯಜಮಾನರದು 58 ಸೆಂಟಿಮೀಟರ್, ಪೂರ್ತಿ ಬೋಳು. ಮಗಳದು 54, ಆದರೆ ಅದರ ಮೇಲೆ ಗುಂಗುರು ಕೂದಲಿನ ಒಂದು ಕಾಡೇ ಇದೆ. ನನ್ನದು 55, ಹಿಂದೆ ತುರುಬು. ಮೂವರಿಗೂ ಒಂದೇ ಲೆಕ್ಕದಲ್ಲಿ ಹೆಣೆದರೆ ಮೂವರಿಗೂ ಸರಿಹೋಗುವುದಿಲ್ಲ. ಇದು ನನಗೆ ಅರ್ಥವಾಗಲು ಐದು ಟೋಪಿ ಬೇಕಾಯಿತು.

ಟೋಪಿ ಸಡಿಲ ಅನ್ನಿಸಿದರೆ ಎಲ್ಲರೂ ಮೊದಲು ಕೈಹಾಕುವುದು ಚೀಲಕ್ಕೆ. ಅಲ್ಲಿ ಹತ್ತು ಕುಣಿಕೆ ಕಮ್ಮಿ ಮಾಡುತ್ತಾರೆ. ಆಗ ಜೋಲುವ ಅಂದ ಹೋಗುತ್ತದೆ, ಜಾರುವುದು ಮಾತ್ರ ಹಾಗೇ ಉಳಿಯುತ್ತದೆ. ಟೋಪಿಯನ್ನು ತಲೆಯ ಮೇಲೆ ಹಿಡಿದಿಡುವುದು ಕೆಳಗಿನ 5 ಸೆಂಟಿಮೀಟರ್ ಬಾರ್ಡರ್ ಒಂದೇ. ಅದು ಬಿಗಿಯಾಗಿ ಹಿಡಿದರೆ ಮೇಲಿನ ಚೀಲ ಎಷ್ಟು ದೊಡ್ಡದಾದರೂ ನಡೆಯುತ್ತದೆ. ಅದಕ್ಕೇ ಎರಡು ಅಳತೆ ಬೇರೆ ಬೇರೆ ತೆಗೆದುಕೊಳ್ಳಿ.

ಬಾರ್ಡರ್‌ಗೆ ತಲೆಯ ಸುತ್ತಳತೆ: ಹುಬ್ಬಿನ ಮೇಲೆ, ಕಿವಿಯ ಮೇಲೆ, ಹಿಂದೆ ಬುರುಡೆ ಉಬ್ಬಿರುವ ಜಾಗ. ಟೇಪ್ ಬಿಗಿಯಾಗಿ ಹಿಡಿಯಬೇಡಿ. ಅದರಲ್ಲಿ 8 ಸೆಂಟಿಮೀಟರ್ ಕಳೆಯಿರಿ. ಬೋಳು ತಲೆಯಾದರೆ ಇನ್ನೂ 2. ಕೂದಲಿದ್ದರೆ ಉಲ್ಲನ್‌ಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ, ಬೋಳು ತಲೆಯಲ್ಲಿ ಜಾರುಬಂಡೆಯೇ.

ಎತ್ತರಕ್ಕೆ ಕೂದಲು ನೋಡಿ. ಮಾಮೂಲಿ ಟೋಪಿ ಅಂಚಿನಿಂದ ತುದಿಗೆ 20ರಿಂದ 22 ಸೆಂಟಿಮೀಟರ್ ಇರುತ್ತದೆ. ಜೋಲು ಟೋಪಿಗೆ 26ರಿಂದ 28 ಬೇಕು. ತುರುಬಿಗೆ ನಾನು ಇನ್ನೂ 3 ಸೇರಿಸುತ್ತೇನೆ. ತುರುಬಿನವರಿಗೆ ಇದಕ್ಕಿಂತ ಒಳ್ಳೆಯ ಟೋಪಿ ಇಲ್ಲ ಬಿಡಿ. ಗಂಟು ಹಿಂದೆ ಚೀಲದೊಳಗೆ ಆರಾಮಾಗಿ ಕೂರುತ್ತದೆ, ಮಲ್ಲಿಗೆ ಮುಡಿದಿದ್ದರೂ ನಜ್ಜುಗುಜ್ಜಾಗುವುದಿಲ್ಲ.

ಸ್ಯಾಂಪಲ್, ಮತ್ತು ಅಮ್ಮನ ಉಲ್ಟಾ ಕುಣಿಕೆ

ಸ್ಯಾಂಪಲ್ ಹೆಣೆಯದೆ ಶುರು ಮಾಡಬೇಡಿ ಅಂದರೆ ಯಾರಿಗೂ ಇಷ್ಟವಾಗುವುದಿಲ್ಲ, ನನಗೂ ಇಲ್ಲ. ಆದರೂ 30 ಕುಣಿಕೆ ಹಾಕಿ, ಒಂದು ಅಂಗೈಯಗಲ ಹೆಣೆಯಿರಿ. ಒಗೆದು ಒಣಗಿಸಿ, ಮಧ್ಯದ 10 ಸೆಂಟಿಮೀಟರ್‌ನಲ್ಲಿ ಎಷ್ಟು ಕುಣಿಕೆ ಅಂತ ಎಣಿಸಿ. ಟೋಪಿಯನ್ನು ಸರ್ಕ್ಯುಲರ್ ಕಡ್ಡಿಯಲ್ಲಿ, ಅಂದರೆ ನಡುವೆ ವೈರ್ ಇರುವ ಜೋಡಿ ಕಡ್ಡಿಯಲ್ಲಿ, ಸುತ್ತಾಗಿ ಹೆಣೆಯುವುದಾದರೆ ಸ್ಯಾಂಪಲ್ಲೂ ಹಾಗೇ ಇರಬೇಕು. ನಮ್ಮಲ್ಲಿ ತುಂಬಾ ಜನರಿಗೆ ಉಲ್ಟಾ ಸಾಲು, ಅಂದರೆ ಬಟ್ಟೆಯ ಹಿಂಬದಿ ನಮ್ಮ ಕಡೆ ಇಟ್ಟು ಹೆಣೆಯುವ ಸಾಲು, ಸ್ವಲ್ಪ ಸಡಿಲ ಬರುತ್ತದೆ. ಸುತ್ತಾಗಿ ಹೆಣೆದಾಗ ಉಲ್ಟಾ ಸಾಲೇ ಇರುವುದಿಲ್ಲ, ಎಲ್ಲಾ ಸೀದಾ. ಹಾಗಾಗಿ ಟೋಪಿ ಸ್ಯಾಂಪಲ್‌ಗಿಂತ ಬಿಗಿಯಾಗುತ್ತದೆ. ಇದಕ್ಕೆ ಸುಲಭ ಉಪಾಯ: ಒಂದು ಸಾಲು ಸೀದಾ ಹೆಣೆದು, ತಿರುಗಿಸದೆ ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ನೂಲನ್ನು ಹಿಂದಿನಿಂದ ಸಡಿಲವಾಗಿ ತಂದು ಮತ್ತೆ ಸೀದಾ ಹೆಣೆಯಿರಿ.

ಈಗ ಒಂದು ವಿಷಯ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ನನಗೆ ತುಂಬಾ ದಿನ ಕಾಟ ಕೊಟ್ಟಿತು.

ನಾನು ಹೆಣಿಗೆ ಕಲಿತದ್ದು ಅಮ್ಮನಿಂದ. ಅಮ್ಮ ಉಲ್ಟಾ ಹೆಣೆಯುವಾಗ ನೂಲನ್ನು ಕಡ್ಡಿಯ ಮೇಲಿಂದ ಸುತ್ತುತ್ತಿರಲಿಲ್ಲ. ಕೆಳಗಿನಿಂದ ಸಟ್ಟಂತ ಎಳೆದುಕೊಳ್ಳುತ್ತಿದ್ದಳು. ಅದು ಹತ್ತಿರದ ದಾರಿ, ಕೈ ಬೇಗ ಓಡುತ್ತದೆ. ಆದರೆ ಹಾಗೆ ಮಾಡಿದರೆ ಕುಣಿಕೆ ಕಡ್ಡಿಯ ಮೇಲೆ ತಿರುಗಿ ಕೂರುತ್ತದೆ. ಕುಣಿಕೆ ಅಂದರೆ ಕುದುರೆ ಮೇಲೆ ಕೂತ ಸವಾರ ಅಂದುಕೊಳ್ಳಿ. ಒಂದು ಕಾಲು ಕಡ್ಡಿಯ ಈಚೆ, ಒಂದು ಕಾಲು ಆಚೆ. ಮಾಮೂಲಾಗಿ ಬಲಗಾಲು ಈಚೆ ಇರಬೇಕು. ಅಮ್ಮನ ಉಲ್ಟಾದಲ್ಲಿ ಎಡಗಾಲು ಈಚೆ ಬರುತ್ತಿತ್ತು. ಮುಂದಿನ ಸೀದಾ ಸಾಲಿನಲ್ಲಿ ಅಮ್ಮ ಆಚೆಯ ಕಾಲಿಗೆ ಕಡ್ಡಿ ಚುಚ್ಚಿ ಹೆಣೆಯುತ್ತಿದ್ದಳು. ಕುಣಿಕೆ ನೆಟ್ಟಗಾಗುತ್ತಿತ್ತು. ಎರಡು ತಿರುವು ಒಂದನ್ನೊಂದು ಕಳೆದುಕೊಂಡವು, ಲೆಕ್ಕ ಚುಕ್ತಾ. ಸ್ವೆಟರ್‌ಗಳೆಲ್ಲ ಚೆನ್ನಾಗೇ ಬಂದವು.

ನಾನು ಅದೇ ಕೈಯಲ್ಲಿ ಸುತ್ತು ಹೆಣಿಗೆಗೆ ಕೂತೆ. ಇಲ್ಲಿ ಉಲ್ಟಾ ಸಾಲಿಲ್ಲ, ಹಾಗಾಗಿ ಎಲ್ಲಾ ಕುಣಿಕೆ ಬಲಗಾಲು ಈಚೆ ಇಟ್ಟುಕೊಂಡೇ ಬರುತ್ತವೆ. ನಾನು ಅಭ್ಯಾಸದಂತೆ ಆಚೆಯ ಕಾಲಿಗೆ ಚುಚ್ಚುತ್ತಿದ್ದೆ. ಪ್ರತಿಯೊಂದು ಕುಣಿಕೆಯೂ ತಿರುಚಿಕೊಂಡಿತು. ಬಟ್ಟೆ ಗಟ್ಟಿ, ಹಿಗ್ಗುವುದಿಲ್ಲ, ಜೋಲುವುದಿಲ್ಲ, ಮೇಲಾಗಿ ಕುಣಿಕೆಯ ಸಾಲುಗಳು ಓರೆಯಾಗಿ ಹತ್ತುತ್ತಿದ್ದವು. ಉಲ್ಲನ್ ಸರಿಯಿಲ್ಲ ಅಂತ ಅಂಗಡಿಯವನನ್ನು ಬೈದುಕೊಂಡೆ, ಪಾಪ.

ನಿಮ್ಮದೂ ಹೀಗಾಗಿದೆಯಾ ಅಂತ ನೋಡಲು ಹೆಣೆದ ಬಟ್ಟೆಯನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿ. ಸರಿಯಾದ ಕುಣಿಕೆಯ ಬುಡ ಬಿಚ್ಚಿಕೊಂಡು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತದೆ. ತಿರುಚಿದ್ದರೆ ಬುಡದಲ್ಲಿ ಎರಡು ಎಳೆ ಒಂದರ ಮೇಲೊಂದು ಕತ್ತರಿ ಹಾಕಿರುತ್ತವೆ. ಹಾಗಿದ್ದರೆ ಸುತ್ತು ಹೆಣೆಯುವಾಗ ಈಚೆಯ ಕಾಲಿಗೇ ಚುಚ್ಚಿ. ಮೊದಲ ಹತ್ತು ಸುತ್ತು ಕೈ ಮಾತು ಕೇಳುವುದಿಲ್ಲ. ಆಮೇಲೆ ಒಗ್ಗಿಕೊಳ್ಳುತ್ತದೆ. ಎರಡು ನೇರ ಕಡ್ಡಿಯಲ್ಲಿ ಹೆಣೆದು ಹಿಂದೆ ಹೊಲಿಯುವವರಿಗೆ ಈ ತಲೆನೋವೇ ಇಲ್ಲ. ಹೊಲಿಗೆಗೆ ಎರಡು ಕುಣಿಕೆ ಜಾಸ್ತಿ ಹಾಕಿಕೊಂಡರೆ ಸಾಕು.

ಹೆಣೆಯೋಣ

ಲೆಕ್ಕಕ್ಕೆ 56 ಸೆಂಟಿಮೀಟರ್ ತಲೆ ಇಟ್ಟುಕೊಳ್ಳೋಣ. 7ನೇ ನಂಬರ್ ಕಡ್ಡಿಯಲ್ಲಿ 10 ಸೆಂಟಿಮೀಟರ್‌ಗೆ 20 ಕುಣಿಕೆ ಬರುವ ಉಲ್ಲನ್. 100 ಗ್ರಾಂ ಸಾಕು, ಆದರೆ ಒಂದೇ ಡೈ ಲಾಟ್‌ನದು, ಅಂದರೆ ಒಂದೇ ಸಲ ಬಣ್ಣ ಹಾಕಿದ್ದು, ತೆಗೆದುಕೊಳ್ಳಿ. 56ರಲ್ಲಿ 8 ಕಳೆದರೆ 48. ಸೆಂಟಿಮೀಟರ್‌ಗೆ ಎರಡು ಕುಣಿಕೆ, ಅಂದರೆ 96.

ಬಾರ್ಡರ್‌ಗೆ ಕಡ್ಡಿ ಬದಲಿಸಿ, 9ನೇ ನಂಬರ್, 3.75 ಮಿಲಿಮೀಟರ್. ಎರಡು ಸೀದಾ ಎರಡು ಉಲ್ಟಾ ರಿಬ್. ರಿಬ್ ತಾನಾಗೇ ಇನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕಡ್ಡಿಯ ಮೇಲೆ ನೋಡಿದರೆ "ಇದು ಯಾರ ತಲೆಗಪ್ಪಾ" ಅನ್ನಿಸುತ್ತದೆ. ಹೆದರಬೇಡಿ, ಹಿಗ್ಗುತ್ತದೆ. ಆದರೆ ಮೊದಲ ಸಾಲಿನ ಕುಣಿಕೆ ಬಿಗಿಯಾಗಿದ್ದರೆ ರಿಬ್ ಎಷ್ಟೇ ಹಿಗ್ಗಿದರೂ ಪ್ರಯೋಜನವಿಲ್ಲ, ಅಂಚು ಹಣೆಗೆ ಗೆರೆ ಹಾಕುತ್ತದೆ. ದಪ್ಪ ಕಡ್ಡಿಯಲ್ಲಿ ಕುಣಿಕೆ ಹಾಕಿ ಅಂತ ಹೇಳುವವರಿದ್ದಾರೆ. ಅದರಿಂದ ಕುಣಿಕೆ ಉದ್ದ ಆಗುತ್ತದೆಯೇ ಹೊರತು ಅಂಚು ಹಿಗ್ಗುವುದಿಲ್ಲ. ಹಿಗ್ಗಬೇಕಾದರೆ ಎರಡು ಕುಣಿಕೆಗಳ ನಡುವೆ ನೂಲು ಇರಬೇಕು. ಒಂದೊಂದು ಕುಣಿಕೆ ಹಾಕಿದ ಮೇಲೂ ಬಲಗೈ ತೋರುಬೆರಳ ತುದಿಯನ್ನು ಪಕ್ಕದಲ್ಲಿ ಒತ್ತಿ ಹಿಡಿದು ಮುಂದಿನದನ್ನು ಹಾಕಿ. ಅಷ್ಟು ಜಾಗ ಸಾಕು.

ಸುತ್ತು ಸೇರಿಸುವ ಮುಂಚೆ ಕುಣಿಕೆಯ ಬುಡಗಳೆಲ್ಲ ಒಂದೇ ಕಡೆ ಮುಖ ಮಾಡಿವೆಯಾ ನೋಡಿ. ಒಂದು ಸಲ ತಿರುಚಿ ಸೇರಿಸಿದರೆ ಬಿಚ್ಚದೆ ದಾರಿಯಿಲ್ಲ.

5 ಸೆಂಟಿಮೀಟರ್ ರಿಬ್ ಆದ ಮೇಲೆ 7ನೇ ನಂಬರ್‌ಗೆ ಬನ್ನಿ. ಚೀಲ ಹುಟ್ಟುವುದು ಇಲ್ಲೇ. ನಾಲ್ಕು ಸೀದಾ, ಒಂದು ಹೊಸ ಕುಣಿಕೆ, ಮತ್ತೆ ನಾಲ್ಕು, ಮತ್ತೊಂದು. ಸುತ್ತು ಮುಗಿದಾಗ 24 ಸೇರಿ 120 ಆಗಿರುತ್ತದೆ. ಹೊಸ ಕುಣಿಕೆಗೆ ನಡುವಿನ ಅಡ್ಡ ಎಳೆಯನ್ನು ಎತ್ತಿ, ಅದನ್ನು ಮಾತ್ರ ಬೇಕಂತಲೇ ತಿರುಚಿ ಹೆಣೆಯಿರಿ. ತಿರುಚದಿದ್ದರೆ ಅಲ್ಲೊಂದು ತೂತು ಉಳಿಯುತ್ತದೆ. ಮಗಳ ಗುಂಗುರು ಕೂದಲಿಗೆ ನಾನು ಮೂರಕ್ಕೊಂದು ಸೇರಿಸುತ್ತೇನೆ, 96 ಹೋಗಿ 128 ಆಗುತ್ತದೆ. ಯಜಮಾನರಿಗೆ ಅಷ್ಟು ಬೇಡ. ಬೋಳು ತಲೆಯ ಮೇಲೆ ಜಾಸ್ತಿ ಚೀಲ ಇದ್ದರೆ ಗಾಳಿ ಹೋದ ಬಲೂನಿನ ಹಾಗೆ ಕಾಣುತ್ತದೆ. ಇದನ್ನು ಅವರ ಮುಂದೆ ಹೇಳಿಲ್ಲ.

ಮುಂದೆ ಸುಮ್ನೆ ಸೀದಾ ಹೆಣೆಯುತ್ತಾ ಹೋಗುವುದು. ಟಿವಿ ನೋಡುತ್ತಲೂ ಆಗುತ್ತದೆ. ಒಟ್ಟು 21 ಸೆಂಟಿಮೀಟರ್ ಆದಾಗ ನಿಲ್ಲಿಸಿ, ಬೇರೆ ಬಣ್ಣದ ದಪ್ಪ ದಾರವನ್ನು ಸೂಜಿಯಲ್ಲಿ ಎಲ್ಲ ಕುಣಿಕೆಯೊಳಗೂ ಹಾಯಿಸಿ, ಕಡ್ಡಿ ಎಳೆದುಬಿಡಿ. ಟೋಪಿ ತಲೆಗೆ ಹಾಕಿ ಕನ್ನಡಿ ನೋಡಿ. ದಾರ ಉದ್ದ ಇರಲಿ, ಇಲ್ಲದಿದ್ದರೆ ಬಟ್ಟೆ ಪೂರ್ತಿ ಅಗಲವಾಗುವುದಿಲ್ಲ. ಈಗ ಬಟ್ಟೆ ನೆತ್ತಿಯನ್ನು ದಾಟಿ ಹಿಂದಕ್ಕೆ ಬೀಳಲು ಶುರುವಾಗಿರಬೇಕು. ಆಗಿಲ್ಲವಾ? ಇನ್ನೂ 3 ಸೆಂಟಿಮೀಟರ್ ಹೆಣೆಯಿರಿ. ಈ ಐದು ನಿಮಿಷದ ಸೋಮಾರಿತನಕ್ಕೆ ನಾನು ಎರಡು ಟೋಪಿಯ ನೆತ್ತಿ ಬಿಚ್ಚಿದ್ದೇನೆ.

ನೆತ್ತಿ ಮುಚ್ಚುವಾಗ ಸ್ವೆಟರ್ ತೋಳಿನ ಹಾಗೆ ಕುಣಿಕೆ ನಿಧಾನವಾಗಿ ಇಳಿಸಿದರೆ ತುದಿ ಗೋಪುರವಾಗುತ್ತದೆ. ಜೋಲು ಟೋಪಿಗೆ ಬೇಗ ಮುಚ್ಚುವುದೇ ಚೆಂದ. 120ನ್ನು ಹನ್ನೆರಡರ ಹತ್ತು ಭಾಗ ಮಾಡಿ. ಹತ್ತು ಸೀದಾ, ಎರಡು ಸೇರಿಸಿ ಒಂದು. ಹೀಗೆ ಒಂದು ಸುತ್ತು ಇಳಿಸಿ, ಒಂದು ಸುತ್ತು ಸುಮ್ನೆ ಹೆಣೆಯಿರಿ. ಮುಂದಿನ ಸಲ ಒಂಬತ್ತು ಸೀದಾ, ಆಮೇಲೆ ಎಂಟು. ಆರು ಸಲ ಇಳಿಸಿದಾಗ 60 ಉಳಿಯುತ್ತದೆ. ಅಲ್ಲಿಂದ ನಡುವೆ ಬಿಡುವು ಬೇಡ, ಪ್ರತಿ ಸುತ್ತಿಗೂ ಇಳಿಸಿ. ಐದು ಸುತ್ತಿಗೆ ಹತ್ತೇ ಕುಣಿಕೆ. ನೂಲು ಕತ್ತರಿಸಿ, ಆ ಹತ್ತರೊಳಗೆ ಎರಡು ಸಲ ಹಾಯಿಸಿ ಬಿಗಿಯಾಗಿ ಎಳೆಯಿರಿ. ಮೋದಕದ ತುದಿಯ ಹಾಗೆ ನೆರಿಗೆ ಬಂದರೆ ಬರಲಿ, ಜೋತುಬಿದ್ದಾಗ ಅದೇ ಅಂದ. ಮಗಳ 128ಕ್ಕೆ ಹದಿನಾರರ ಎಂಟು ಭಾಗ ಮಾಡಿಕೊಳ್ಳುತ್ತೇನೆ. ತುದಿಗೆ ಪಾಂಪಾಂ, ಅಂದರೆ ಉಲ್ಲನ್ ಚೆಂಡು, ಕೇಳುತ್ತಾಳೆ, ನಾನು ಹಾಕುವುದಿಲ್ಲ. ಅದರ ಭಾರಕ್ಕೆ ಇಡೀ ಟೋಪಿ ಹಿಂದಕ್ಕೆ ಎಳೆಯುತ್ತದೆ.

ಹತ್ತಿ ನೂಲಿನಲ್ಲಿ ಹೆಣೆಯುವವರಿಗೆ ಒಂದು ಮಾತು. ನಮ್ಮೂರ ಚಳಿಗೆ ಹತ್ತಿಯೇ ಹಿತ, ಒಪ್ಪುತ್ತೇನೆ. ಆದರೆ ಹತ್ತಿಗೆ ಉಲ್ಲನ್‌ನ ಹಾಗೆ ವಾಪಸ್ ಕುಗ್ಗುವ ಗುಣ ಇಲ್ಲ. ಭಾರಕ್ಕೆ ಉದ್ದವೂ ಆಗುತ್ತದೆ. ಬಾರ್ಡರ್‌ಗೆ 8 ಕುಣಿಕೆ ಕಮ್ಮಿ ಹಾಕಿ, ಎತ್ತರ 2 ಸೆಂಟಿಮೀಟರ್ ಕಮ್ಮಿ ಇಡಿ.

ಇಸ್ತ್ರಿ ಪೆಟ್ಟಿಗೆಯ ಕಥೆ

ಯಜಮಾನರ ಟೋಪಿ ಅಕ್ರಿಲಿಕ್, ಅಂದರೆ ಕೃತಕ ಉಲ್ಲನ್. ಸರಿಯಾಗೇ ಬಂದಿತ್ತು. ಸ್ವಲ್ಪ ನೀಟಾಗಿ ಕಾಣಲಿ ಅಂತ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದೆ. ಚೀಲ ಎಷ್ಟು ಮೆತ್ತಗೆ, ರೇಷ್ಮೆಯ ಹಾಗೆ ಇಳಿಬಿತ್ತು ಅಂದರೆ, ಅದೇ ಖುಷಿಯಲ್ಲಿ ಬಾರ್ಡರ್ ಮೇಲೂ ಎಳೆದುಬಿಟ್ಟೆ. ಮಾರನೇ ದಿನ ಲಾಲ್‌ಬಾಗಿನಿಂದ ಬಂದವರು ಟೋಪಿ ಕೈಯಲ್ಲಿ ಹಿಡಿದಿದ್ದರು. "ಮೂಗಿನವರೆಗೆ ಬರುತ್ತೆ ಕಣೇ, ಒಂದು ಸುತ್ತು ಕುರುಡನ ಥರ ನಡೆದೆ" ಅಂದರು. ಅಕ್ರಿಲಿಕ್‌ಗೆ ಬಿಸಿ ತಾಗಿದರೆ ಎಳೆಯ ಸ್ಪ್ರಿಂಗ್ ಸತ್ತುಹೋಗುತ್ತದೆ. ಒಗೆದರೂ ವಾಪಸ್ ಬರುವುದಿಲ್ಲ. ಚೀಲಕ್ಕೆ ದೂರದಿಂದ ಹಬೆ ತೋರಿಸುವುದು ಒಳ್ಳೆಯ ಉಪಾಯವೇ, ಆದರೆ ರಿಬ್‌ಗೆ ಮಾತ್ರ ಬೇಡವೇ ಬೇಡ.

ಮೊದಲು ಸುಲಭದ ದಾರಿ ನೋಡಿದೆ. ಎಲಾಸ್ಟಿಕ್ ದಾರವನ್ನು ರಿಬ್‌ನ ಒಳಮುಖದಲ್ಲಿ ಮೂರು ಸುತ್ತು ಹಾಯಿಸಿದೆ. ಸ್ವಲ್ಪ ಸಡಿಲಕ್ಕೆ ಇದು ಸಾಕು. ಇವರ ಟೋಪಿಗೆ ಸಾಲಲಿಲ್ಲ, ಅಂಚು ನೆರಿಗೆ ಲಂಗದ ಹಾಗೆ ಸುಕ್ಕಾಯಿತು.

ಕೊನೆಗೆ ಕತ್ತರಿ ತೆಗೆದುಕೊಂಡೆ. ಕೈ ನಡುಗುತ್ತದೆ, ಆದರೆ ಕೆಲಸ ಕಷ್ಟದ್ದಲ್ಲ. ಹೆಣಿಗೆ ಕುಣಿಕೆ ಹಾಕಿದ ಕಡೆಯಿಂದ ಸುಲಭಕ್ಕೆ ಬಿಚ್ಚುವುದಿಲ್ಲ, ಅದಕ್ಕೇ ಕತ್ತರಿಸಬೇಕು. ಕುಣಿಕೆ ಹೆಚ್ಚಿಸಿದ ಸುತ್ತಿನ ಮೇಲಿನ ಸುತ್ತನ್ನು ಹುಡುಕಿ, ಅದರ 120 ಕುಣಿಕೆಯ ಬಲಗಾಲುಗಳನ್ನೂ ಸಣ್ಣ ಸರ್ಕ್ಯುಲರ್ ಕಡ್ಡಿಗೆ ಎತ್ತಿಕೊಂಡೆ. ಎಣಿಸಿದೆ, ಇನ್ನೊಂದು ಸಲ ಎಣಿಸಿದೆ. ಅದರ ಕೆಳಗಿನ ಸುತ್ತಿನಲ್ಲಿ ಒಂದೇ ಒಂದು ಎಳೆ ಕತ್ತರಿಸಿ, ಸೂಜಿ ತುದಿಯಿಂದ ಆ ಎಳೆಯನ್ನು ಒಂದೊಂದೇ ಕುಣಿಕೆಯಿಂದ ಹೊರಗೆಳೆದೆ. ಸುತ್ತು ಪೂರ್ತಿಯಾದಾಗ ಹಳೇ ಬಾರ್ಡರ್ ಬಳೆಯ ಹಾಗೆ ಕಳಚಿ ತೊಡೆ ಮೇಲೆ ಬಿತ್ತು.

ಆಮೇಲೆ ಹೊಸ ಉಲ್ಲನ್ ಸೇರಿಸಿ, ಎರಡು ಸೀದಾ, ಎರಡು ಸೇರಿಸಿ ಒಂದು, ಹೀಗೆ ಸುತ್ತಿ 120ನ್ನು 90ಕ್ಕೆ ಇಳಿಸಿದೆ. 9ನೇ ನಂಬರ್ ಕಡ್ಡಿಯಲ್ಲಿ ಒಂದು ಸೀದಾ ಒಂದು ಉಲ್ಟಾ ರಿಬ್. ಬೋಳು ತಲೆಗೆ ಹಿಡಿತ ಬೇಕಲ್ಲ, 10 ಸೆಂಟಿಮೀಟರ್ ಹೆಣೆದು ಒಳಕ್ಕೆ ಮಡಚಿದೆ. ಮುಚ್ಚುವಾಗ ಮಾಮೂಲಿ ಥರ ಮುಚ್ಚಿದರೆ ಅಂಚು ಮತ್ತೆ ಬಿಗಿ. ಅದಕ್ಕೆ 7ನೇ ನಂಬರ್ ಕಡ್ಡಿ ಹಿಡಿದು, ಎರಡು ಕುಣಿಕೆ ಸೇರಿಸಿ ಹೆಣೆದೆ, ಬಂದ ಒಂದನ್ನು ಎಡಗಡ್ಡಿಗೆ ವಾಪಸ್ ಹಾಕಿ ಮತ್ತೆ ಎರಡು ಸೇರಿಸಿದೆ. ನಿಧಾನ, ಆದರೆ ಚೆನ್ನಾಗಿ ಹಿಗ್ಗುತ್ತದೆ. ಒಗೆದ ಮೇಲೆ ಬಾರ್ಡರನ್ನು ಹಿಗ್ಗಿಸದೆ, ಚೀಲದೊಳಗೆ ಮಾತ್ರ ಒಂದು ಟವೆಲ್ ಉಂಡೆ ತುರುಕಿ ಫ್ಯಾನಿನ ಕೆಳಗೆ ಇಟ್ಟೆ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಟೋಪಿ ಕಾಲುಚೀಲವಾಗುತ್ತದೆ.

ಕಳಚಿ ಬಿದ್ದ ಆ ಹಳೇ ಬಾರ್ಡರನ್ನು ಎಸೆಯಲು ಮನಸ್ಸು ಬರಲಿಲ್ಲ. ಬಿಚ್ಚಿದ ಅಂಚಿನ ಕುಣಿಕೆ ಎತ್ತಿ ಮುಚ್ಚಿಟ್ಟಿದ್ದೆ. ಮಗಳು ಅದನ್ನು ತಲೆಗೆ ಏರಿಸಿಕೊಂಡು, ಗುಂಗುರು ಕೂದಲನ್ನೆಲ್ಲ ಹಿಂದಕ್ಕೆ ತಳ್ಳಿ, ಅಪ್ಪನ ಜೊತೆ ಲಾಲ್‌ಬಾಗಿಗೆ ಹೊರಟಳು. ಅವಳ ಕೂದಲಿನ ಮೇಲೆ ಅದು ಜಾರಲೇ ಇಲ್ಲ.